ಕಷ್ಟಕಾಲದಲ್ಲಿ ತಾಳಿಕೊಳ್ಳುವ ಶಕ್ತಿ ಎಲ್ಲಿಂದ ಬರುತ್ತದೆ?

ನಾನು ಮನಶ್ಶಾಸ್ತ್ರ ಪಾಠ ಮಾಡುತ್ತೇನೆಂದು ತಿಳಿದವರು, ಮಾತು ಸ್ವಲ್ಪ ಸಲಿಗೆಗೆ ಬಂದ ಕೂಡಲೇ, ಬಹುಮಟ್ಟಿಗೆ ಒಂದೇ ಪ್ರಶ್ನೆ ಕೇಳುತ್ತಾರೆ: ಕೆಲಸ ಹೋದರೂ, ಕಾಯಿಲೆ ಬಿದ್ದರೂ, ಹತ್ತಿರದವರು ತೀರಿಕೊಂಡರೂ ಕೆಲವರು ಮತ್ತೆ ಎದ್ದು ನಿಲ್ಲುತ್ತಾರಲ್ಲ, ಆ ಶಕ್ತಿ ಅವರಿಗೆ ಎಲ್ಲಿಂದ ಬರುತ್ತದೆ, ನಮಗೇಕೆ ಇಲ್ಲ? ತಾಳಿಕೆಯೆಂಬುದು ಕೆಲವರು ಹುಟ್ಟುವಾಗಲೇ ಪಡೆದು ಬಂದ ಗಂಟು ಎಂಬ ನಂಬಿಕೆ ಈ ಪ್ರಶ್ನೆಯೊಳಗೇ ಅಡಗಿದೆ. ನಾನು ಅದನ್ನು ಒಪ್ಪುವುದಿಲ್ಲ. ಸಣ್ಣದೊಂದು ಕೆಲಸ ಕೈಗೂಡಿದ ಮೇಲೆ ಅದರ ಬೆನ್ನಿಗೆ ಬರುವುದೇ ಈ ಶಕ್ತಿ; ಅದು ಮೊದಲು ಬರಲಿ, ಆಮೇಲೆ ಏಳುತ್ತೇನೆ ಎಂದು ಕಾದವರು ಕಾಯುತ್ತಲೇ ಇರಬೇಕಾಗುತ್ತದೆ.

ಹೀಗೆ ಹೇಳಲು ಆಧಾರವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿನ ನಾಯಿಗಳು ತಮಗೆ ತಗಲುತ್ತಿದ್ದ ವಿದ್ಯುತ್ ಆಘಾತವನ್ನು ಫಲಕವೊಂದನ್ನು ಒತ್ತಿ ನಿಲ್ಲಿಸಬಹುದಾಗಿತ್ತು. ಇನ್ನೊಂದು ಗುಂಪಿನ ನಾಯಿಗಳಿಗೆ ಅಷ್ಟೇ ಆಘಾತ, ಆದರೆ ಅವು ಏನು ಮಾಡಿದರೂ ಅದು ನಿಲ್ಲುತ್ತಿರಲಿಲ್ಲ. ಆಮೇಲೆ ತಗ್ಗಾದ ಅಡ್ಡಗೋಡೆಯನ್ನು ಹಾರಿದರೆ ಸಾಕು, ಪಾರಾಗಬಹುದು ಎಂಬಂಥ ಪೆಟ್ಟಿಗೆಯೊಳಗೆ ಬಿಟ್ಟಾಗ, ಮೊದಲ ಗುಂಪಿನವು ಹಾರಿದವು, ಎರಡನೆಯ ಗುಂಪಿನಲ್ಲಿ ಹೆಚ್ಚಿನವು ಬಿದ್ದಲ್ಲೇ ಬಿದ್ದಿದ್ದವು. (ಇಂದು ಓದುವಾಗ ಪ್ರಯೋಗದ ಕ್ರೌರ್ಯವೇ ಮನಸ್ಸನ್ನು ಕಲಕುತ್ತದೆ.) ಆ ಪ್ರಾಣಿಗಳು ಅಸಹಾಯಕತೆಯನ್ನು ಕಲಿತುಕೊಂಡವು ಎಂಬ ವಿವರಣೆ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ನಿಂತಿತು. ಆದರೆ 2016ರಲ್ಲಿ, ಮಿದುಳಿನ ಮೇಲೆ ನಡೆದ ಅಧ್ಯಯನಗಳನ್ನು ಮುಂದಿಟ್ಟುಕೊಂಡು, ಆ ಇಬ್ಬರೇ ತಮ್ಮ ಸಿದ್ಧಾಂತವನ್ನು ತಲೆಕೆಳಗು ಮಾಡಿದರು: ದೀರ್ಘಕಾಲದ ನೋವಿನ ಮುಂದೆ ಸುಮ್ಮನೆ ಕುಸಿಯುವುದು ಮಿದುಳಿನ ಸಹಜ ಪ್ರತಿಕ್ರಿಯೆ, ಅದನ್ನು ಯಾರೂ ಕಲಿಯಬೇಕಾಗಿಲ್ಲ, ನಾನು ಮಾಡಿದ್ದರಿಂದ ಏನೋ ಬದಲಾಯಿತು ಎಂಬ ಅನುಭವವಾದಾಗ ಮಿದುಳಿನ ಮುಂಭಾಗ ಆ ಕುಸಿತವನ್ನು ತಡೆಯುತ್ತದೆ, ಕಲಿಯುವುದು ಅದನ್ನು.

ಆದ್ದರಿಂದ ಕಷ್ಟದಲ್ಲಿ ಹಾಸಿಗೆ ಹಿಡಿದವರನ್ನು ದುರ್ಬಲರೆಂದು ಬೈಯುವುದರಲ್ಲಿ ಅರ್ಥವಿಲ್ಲ. ಧೈರ್ಯದ ಉಪದೇಶವೂ ಅವರಿಗೆ ಹೆಚ್ಚು ನೆರವಾಗುವುದಿಲ್ಲ. ಅವರ ಕೈಯಿಂದ ನಿಜವಾಗಿ ಆಗುವಂಥ, ಆದದ್ದು ಕಣ್ಣಿಗೆ ಕಾಣುವಂಥ ಒಂದು ಕೆಲಸ ಬೇಕು. 1916ರಲ್ಲಿ ಅಂಟಾರ್ಕ್ಟಿಕದ ಎಲಿಫೆಂಟ್ ದ್ವೀಪದಲ್ಲಿ, ಅನ್ವೇಷಣೆಗೆಂದು ಹೊರಟು ಹಡಗು ಕಳೆದುಕೊಂಡ ತಂಡವೊಂದರ 22 ಮಂದಿ ಸಿಕ್ಕಿಬಿದ್ದಿದ್ದರು. ನಾಯಕ ಶ್ಯಾಕಲ್ಟನ್ ಸಹಾಯ ತರಲೆಂದು ದೋಣಿಯಲ್ಲಿ ಹೋಗಿದ್ದರು, ಅವರು ಬದುಕಿದ್ದಾರೆಯೇ ಎಂಬುದೂ ಇವರಿಗೆ ತಿಳಿದಿರಲಿಲ್ಲ. ಉಸ್ತುವಾರಿ ಹೊತ್ತಿದ್ದ ಫ್ರಾಂಕ್ ವೈಲ್ಡ್, ನಾಯಕರು ಇವತ್ತೇ ಬರಬಹುದು ಎಂದು ಹೇಳಿ, ಮಲಗುಚೀಲಗಳನ್ನು ಸುತ್ತಿಡಿಸುತ್ತಿದ್ದರು. ನಾಲ್ಕು ತಿಂಗಳ ಮೇಲೆ, ಆಗಸ್ಟ್ 30ರಂದು ಹಡಗು ಬಂದಾಗ ಎಲ್ಲರೂ ಜೀವಂತವಾಗಿದ್ದರು. ಚೀಲ ಸುತ್ತಿದ್ದರಿಂದಲೇ ಉಳಿದರೆಂದು ನಾನು ಹೇಳುತ್ತಿಲ್ಲ, ಸೀಲ್ ಮತ್ತು ಪೆಂಗ್ವಿನ್ ಮಾಂಸವೂ ಅವರನ್ನು ಉಳಿಸಿತು. ಆದರೆ ಹಿಮವನ್ನಾಗಲಿ ಸಮುದ್ರವನ್ನಾಗಲಿ ಬದಲಿಸಲಾಗದವರಿಗೆ ಬದಲಿಸಬಲ್ಲ ಏನಾದರೊಂದನ್ನು ಒದಗಿಸಿದ ವೈಲ್ಡ್ ಅವರ ವಿವೇಕ ನನಗೆ ದೊಡ್ಡದೆನಿಸುತ್ತದೆ.

ಆ ದ್ವೀಪದಲ್ಲಿ ಹಾಗೆ ಹೇಳಿ ಮಾಡಿಸಲು ವೈಲ್ಡ್ ಅವರಂಥವರೊಬ್ಬರು ಜೊತೆಗಿದ್ದರು ಎಂಬುದನ್ನೂ ಗಮನಿಸಬೇಕು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ರುತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಬಡತನ, ಮನೆಯ ಕಲಹ, ಹೆತ್ತವರ ಮನೋರೋಗಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗ ಸಮರ್ಥ ವಯಸ್ಕರಾದರು. ಅಂಥವರ ಬಾಲ್ಯದಲ್ಲಿ ಅಜ್ಜಿಯೋ, ಶಿಕ್ಷಕರೋ, ನೆರೆಯವರೋ, ಕೈಬಿಡದ ಒಬ್ಬರಾದರೂ ಇದ್ದದ್ದು ಮತ್ತೆ ಮತ್ತೆ ಕಂಡುಬಂತು. ತಾನೇ ಹಲ್ಲುಕಚ್ಚಿ ನಿಂತೆ ಎನ್ನುವವರ ಕಥೆಗಳಲ್ಲಿಯೂ ಕೆದಕಿ ಕೇಳಿದರೆ ಇಂಥವರೊಬ್ಬರು ಸಿಗುತ್ತಾರೆ.

ತಾಳಿಕೊಳ್ಳುವುದು ಎಲ್ಲೆಡೆಯೂ ಸದ್ಗುಣವೇನಲ್ಲ. ಹೊಡೆಯುವವರ ಜೊತೆ ಬಾಳುವುದಕ್ಕೂ, ಸಂಬಳ ಕೊಡದೆ ದುಡಿಸುವವರ ಬಳಿ ದುಡಿಯುವುದಕ್ಕೂ ಶಕ್ತಿ ಎಲ್ಲಿಂದ ತರಲಿ ಎಂದು ಕೇಳುವವರಿಗೆ ನಾನು ಹೊರಬರುವ ದಾರಿಯ ಬಗ್ಗೆ ಮಾತಾಡುತ್ತೇನೆ. ವಾರಗಟ್ಟಲೆ ನಿದ್ದೆ, ಹಸಿವು, ಆಸಕ್ತಿ ಎಲ್ಲವೂ ಹೋಗಿದ್ದರೆ ಅದು ಖಿನ್ನತೆಯಿರಬಹುದು. ಅದಕ್ಕೆ ಚಿಕಿತ್ಸೆಯಿದೆ, ವೈದ್ಯರನ್ನು ಕಾಣಬೇಕು.

ಇಷ್ಟು ಹೇಳಿದ ಮೇಲೆ, ಚೇತರಿಸಿಕೊಳ್ಳಲು ಎಷ್ಟು ಕಾಲ ಬೇಕು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೊಂದು ಲೆಕ್ಕವಿಲ್ಲ. ಕವಾಯಿಯಲ್ಲಿ ಹದಿಹರೆಯದಲ್ಲಿ ದಾರಿ ತಪ್ಪಿದ್ದ ಮಕ್ಕಳಲ್ಲಿಯೂ ಹೆಚ್ಚಿನವರು ಮೂವತ್ತು ನಲವತ್ತರ ಹೊತ್ತಿಗೆ ಸರಿಯಾಗಿ ನೆಲೆ ನಿಂತಿದ್ದರು. ಕೆಲವರಿಗೆ ಅದು ಮತ್ತೆ ಓದಲು ಸೇರಿದಾಗ, ಕೆಲವರಿಗೆ ಒಳ್ಳೆಯ ಸಂಗಾತಿ ದೊರೆತಾಗ ಸಾಧ್ಯವಾಯಿತು.