ಗಾಡಿಗೆ ಬೇಸಿಗೆಯ ತಯಾರಿ

ಕಲಬುರಗಿ, 4 ಜನವರಿ 2026, ರವಿವಾರ

ಇವತ್ತು ಮುಂದಿನ ಎಡ ಚಕ್ರ ಬಿಚ್ಚಿ, ಚಕ್ರವನ್ನು ಗಾಡಿಗೆ ಹಿಡಿದಿಡುವ ಸಸ್ಪೆನ್ಷನ್ನಿನ ಕೆಳಗಿನ ಆರ್ಮ್ ಹೊರಗೆ ತೆಗೆದೆ. ಬೆಳಿಗ್ಗೆ ಕಬ್ಬಿಣ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಇಂಥ ಕೆಲಸಕ್ಕೆ ನಮ್ಮ ಕಡೆ ಡಿಸೆಂಬರ್, ಜನವರಿಯೇ ಸರಿ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಈ ಪತ್ರಾಸ್ ಶೆಡ್ಡಿನಲ್ಲಿ ಪಾನಾ ಹಿಡಿಯುವುದೂ ಕಷ್ಟ.

ಹೊಸದಾಗಿ ಓದುವವರಿಗೆ ಗಾಡಿಯ ಬಗ್ಗೆ ಎರಡು ಮಾತು. ಇದು ನಾವೇ ಕಟ್ಟಿದ, ಎರಡು ಸೀಟಿನ, ಮೇಲ್ಛಾವಣಿ ಇಲ್ಲದ ಕಾರು. ಚಾಸಿಸ್, ಅಂದರೆ ಗಾಡಿಯ ಚೌಕಟ್ಟು, ಚೌಕ ಪೈಪಿನದು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಮೂರೂ ಗುಜರಿಯಲ್ಲಿ ಸಿಕ್ಕ ಮಾರುತಿ ಓಮ್ನಿಯವು. 796 ಸಿಸಿ, ಮೂರು ಸಿಲಿಂಡರ್. ಹಿಂದಿನ ಚಕ್ರ ತಿರುಗಿಸುವ ಸಣ್ಣ ಗಾಡಿ ಅಂದರೆ ಅದೇ ಅಲ್ವಾ, ಹೇಳಿ ಮಾಡಿಸಿದಂತೆ ಕೂತಿತು.

ಆಕಾರ ಮಾತ್ರ ಲೋಟಸ್ ಸೆವೆನ್‌ನದು. 1957ರಲ್ಲಿ ಇಂಗ್ಲೆಂಡ್‌ನ ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ಹೊರತಂದ ಗಾಡಿ. ಆಗ ಅಲ್ಲಿ ತಯಾರಾದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿ ಸಾಮಾನಿನ ಕಿಟ್‌ಗೆ ಇರಲಿಲ್ಲ. ಜನ ಕಿಟ್ ಕೊಂಡು ಮನೆಯಲ್ಲೇ ಜೋಡಿಸಿಕೊಂಡರು. 1973ರಲ್ಲಿ ಅದನ್ನು ಮಾಡುವ ಹಕ್ಕು ಇನ್ನೊಂದು ಕಂಪನಿಯಾದ ಕೇಟರ್‌ಹ್ಯಾಮ್‌ನವರಿಗೆ ಹೋಯಿತು. ಅವರು ಇನ್ನೂ ಮಾಡುತ್ತಿದ್ದಾರೆ. ಚಳಿಗಾಲದಲ್ಲಿ ಅಲ್ಲಿ ಮಂಜು ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಉಪ್ಪು ಕಬ್ಬಿಣ ತಿನ್ನುತ್ತದೆ. ಹಾಗಾಗಿ ಇಂಥ ಗಾಡಿ ಇಟ್ಟುಕೊಂಡವರು ಆ ತಿಂಗಳುಗಳಲ್ಲಿ ಅದನ್ನು ಒಳಗಿಟ್ಟು ರಿಪೇರಿ ಮಾಡುತ್ತಾರೆ. ನಮಗೆ ಉಪ್ಪಿನ ಕಾಟ ಇಲ್ಲ, ಬಿಸಿಲಿನ ಕಾಟ. ನಮ್ಮ ಚಳಿಗಾಲದ ಕೆಲಸವೆಲ್ಲ ಬೇಸಿಗೆಗಾಗಿಯೇ.

ಇಂಥ ಗಾಡಿಗೆ ನಮ್ಮಲ್ಲಿ ನಂಬರ್ ಸಿಗುವುದು ಬಹಳ ಕಷ್ಟ. ಅದಕ್ಕೇ ರಸ್ತೆಗೆ ಇಳಿಸುವುದಿಲ್ಲ. ಶೆಡ್ಡು ಹೊಲದಲ್ಲೇ ಇದೆ, ಹೊಲದೊಳಗೇ ಓಡಿಸುತ್ತೇವೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಉಂಡ ಮೇಲೆ ಮನೆ ಮಕ್ಕಳನ್ನೆಲ್ಲ ಸರದಿ ಮೇಲೆ ಕೂರಿಸಿ ತೊಗರಿ ಸಾಲಿನ ಪಕ್ಕ ಸುತ್ತಿಸಿದೆ. ಆಗಲೇ ಬ್ರೇಕ್ ಒತ್ತಿದಾಗ ಎಡಗಡೆ 'ಕಟಕ್' ಅನ್ನುವ ಸದ್ದು ಬಂತು. ಅಲ್ಲಿಗೇ ಓಡಿಸುವುದು ನಿಲ್ಲಿಸಿ ಶೆಡ್ಡಿಗೆ ತಳ್ಳಿದೆವು.

ವೆಲ್ಡಿಂಗ್ ಕಾಕಾ ಇವತ್ತು ಬಂದಿದ್ದರು. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಆರ್ಮ್ ಕೂರುವ ಬ್ರಾಕೆಟ್ಟಿನ ಬಣ್ಣ ಕೆರೆದು, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಅರಿವೆಯಿಂದ ಒಣಗುವ ಹಾಗೆ ಒರೆಸಿದರು. ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ನಾವಿಬ್ಬರೂ ಬಗ್ಗಿ ನೋಡುತ್ತಾ ಕೂತೆವು. ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ನಿಧಾನಕ್ಕೆ ಒದ್ದೆಯಾಯಿತು. ವೆಲ್ಡಿನ ಅಂಚಿನಿಂದ ಶುರುವಾಗಿ ಪೈಪಿನ ಕಡೆ ಹೊರಳಿತ್ತು.

"ನೋಡ್ ತಮ್ಮಾ, ಇಲ್ಲೇ ಸೀಳ್ ಬಿಟ್ಟದ. ಕಾಣ್ಲತ್ತದಿಲ್ಲ?"

"ಕಾಣ್ಲತ್ತದ ಕಾಕಾ. ಬರೇ ಮ್ಯಾಲೆ ವೆಲ್ಡಿಂಗ್ ಹೊಡದ್ರ ಸಾಕೇನ್ರಿ?"

"ಸಾಲಂಗಿಲ್ಲ. ಮತ್ತ ಬಾಜೂಕ ಸೀಳ್ತದ."

ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. ಪೈಪಿನ ದಪ್ಪ 1.6 ಮಿಮೀ, ಬ್ರಾಕೆಟ್ ಅದರ ಎರಡರಷ್ಟು. ದಪ್ಪದ್ದು ತೆಳುವಾದದ್ದಕ್ಕೆ ಸೇರುವ ಅಂಚಿನಲ್ಲೇ ಎಲ್ಲ ಎಳೆತ ಬೀಳುತ್ತದೆ. ಅದೂ ನಮ್ಮ ಎರೆ ಹೊಲದ ಒಣಗಿದ ಹೆಂಟೆಯ ಮೇಲೆ ಓಡಿದರೆ ಇನ್ನೂ ಜಾಸ್ತಿ. ಮೊದಲು ಬ್ಯಾಟರಿ ವೈರ್ ಬಿಚ್ಚಿದೆ, ವೆಲ್ಡಿಂಗ್ ಕರೆಂಟಿಗೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸುಡಬಾರದಲ್ಲ. ಸೀಳಿನ ತುದಿಗೆ 3 ಮಿಮೀ ತೂತು ಕೊರೆದೆವು. ತೂತಿನ ದುಂಡು ಅಂಚು ಸಿಕ್ಕಿದರೆ ಸೀಳು ಮುಂದೆ ಓಡುವುದಿಲ್ಲ. ಆಮೇಲೆ ಉಳಿದ ಎಣ್ಣೆ ತೆಗೆದು, ಗ್ರೈಂಡರ್‌ನಿಂದ ಸೀಳಿನುದ್ದಕ್ಕೂ ತೋಡು ಕೊರೆದು, ಬೆಸುಗೆ ತುಂಬಿಸಿದರು. ಅದರ ಮೇಲೆ ಮುಕ್ಕೋಣದ ತಗಡು. ಒಂದೇ ಕಡೆ ಬಿಗಿ ಮಾಡಿದರೆ ಎಳೆತ ಇನ್ನೊಂದು ಕಡೆ ಹೋಗುತ್ತದೆ ಅಂತ ಬಲಗಡೆಗೂ ಅಂಥದ್ದೇ ಕೂರಿಸಿದೆವು.

ಚಕ್ರ ಮತ್ತೆ ಹಾಕಿ ಅಳತೆ ನೋಡಲು ಸಮತಟ್ಟಾದ ನೆಲ ಬೇಕು. ಆ ಮಟ್ಟಿಗೆ ನಾವು ಪುಣ್ಯವಂತರು. ಶೆಡ್ಡಿಗೆ ಹಾಸಿದ್ದು ಶಹಾಬಾದ್ ಕಲ್ಲು. ನೀರಿನ ಟ್ಯೂಬ್ ಹಿಡಿದು ನಾಲ್ಕೂ ಚಕ್ರದ ಜಾಗ ಒಂದೇ ಮಟ್ಟಕ್ಕೆ ತಂದುಕೊಂಡಿದ್ದೇನೆ. ಗೌಂಡಿಯವರ ತೂಗುಗುಂಡು ಇಳಿಬಿಟ್ಟು, ರಿಮ್ಮಿನ ಮೇಲಂಚಿಗೂ ಕೆಳಗಿನ ಅಂಚಿಗೂ ದಾರದಿಂದ ಎಷ್ಟು ಅಂತರ ಅಂತ ಅಳೆದರೆ ಚಕ್ರ ಎಷ್ಟು ವಾಲಿದೆ ಗೊತ್ತಾಗುತ್ತದೆ. ಎರಡೂ ಕಡೆ ಒಂದೇ ಬಂತು. ನೆಮ್ಮದಿ ಆಯಿತು.

ಆದರೆ ಅದೇ ಸುಣ್ಣಕಲ್ಲು ಎಂಜಿನ್ ತಣಿಸುವ ರೇಡಿಯೇಟರ್‌ಗೆ ಶತ್ರು. ವಾಡಿ, ಸೇಡಂ, ಮಳಖೇಡದ ಕಡೆ ಸಿಮೆಂಟ್ ಕಾರ್ಖಾನೆ ನಿಂತಿರುವುದೇ ಈ ಕಲ್ಲಿನ ಮೇಲೆ. ನಮ್ಮ ಬೋರ್‌ವೆಲ್ ನೀರಿನಲ್ಲೂ ಅದೇ ಸುಣ್ಣ. ಕಾಯಿಸುವ ಪಾತ್ರೆಯ ತಳ ನೋಡಿದರೆ ಸಾಕು, ಬೆಳ್ಳಗೆ ಪದರ ಕಟ್ಟಿರುತ್ತದೆ. ಆ ಪದರ ರೇಡಿಯೇಟರ್ ಕೊಳವೆಯೊಳಗೆ ಕೂತರೆ ಬಿಸಿ ಹೊರಗೆ ಬರುವುದಿಲ್ಲ. ದಯವಿಟ್ಟು ಯಾರೂ ಬೋರ್ ನೀರು ಸುರಿಯಬೇಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಕೂಲಂಟ್ ಸೇರಿಸಿ ಹಾಕಿ. ಚಳಿ ದೇಶದಲ್ಲಿ ಕೂಲಂಟ್ ನೀರು ಹೆಪ್ಪುಗಟ್ಟದಂತೆ ಕಾಯುತ್ತದೆ. ನಮಗೆ ಅದು ಬೇಕಾಗಿರುವುದು ತುಕ್ಕು ತಡೆಯಲು, ಕುದಿಯುವ ಮಟ್ಟ ಏರಿಸಲು.

ರೇಡಿಯೇಟರ್ ಕ್ಯಾಪ್ ಕೂಡ ಅಷ್ಟೇ ಮುಖ್ಯ. 0.9 ಬಾರ್ ಒತ್ತಡ ಹಿಡಿಯುವ ಒಳ್ಳೆ ಕ್ಯಾಪ್ ಇದ್ದರೆ ಒಳಗಿನ ನೀರು ಸುಮಾರು 118 ಡಿಗ್ರಿವರೆಗೂ ಕುದಿಯುವುದಿಲ್ಲ. ರಬ್ಬರ್ ಹೋದ ಹಳೇ ಕ್ಯಾಪ್ ಆದರೆ 100ರ ಆಸುಪಾಸಿನಲ್ಲೇ ಕುದಿ ಶುರು. ಇಷ್ಟು ಸಣ್ಣ ಸಾಮಾನಿಗೆ ಜನ ಯಾಕೆ ಜಿಪುಣತನ ಮಾಡುತ್ತಾರೋ.

ಈ ಸಲದ ದೊಡ್ಡ ಕೆಲಸ ಗಾಳಿಯದು. ಮೊದಲು ಫ್ಯಾನ್ ರೇಡಿಯೇಟರ್ ಹಿಂದೆ ಸುಮ್ನೆ ಕೂತಿತ್ತು. ಹಾಗಿದ್ದರೆ ಅದು ತನ್ನ ಎದುರಿನ ದುಂಡು ಜಾಗದಿಂದಷ್ಟೇ ಗಾಳಿ ಎಳೆಯುತ್ತದೆ, ಮೂಲೆಗಳು ದಂಡ. ಅಲ್ಯೂಮಿನಿಯಂ ತಗಡಿನಲ್ಲಿ ಇಡೀ ರೇಡಿಯೇಟರ್ ಮುಚ್ಚುವ ಹೊದಿಕೆ ಮಾಡಿ, ನಡುವೆ ಫ್ಯಾನಿಗೆ ತೂತು ಬಿಟ್ಟಿದ್ದೇನೆ. ಗಾಡಿಯ ಮೂಗಿನ ಒಳಗೆ ಸುತ್ತಲೂ ಇದ್ದ ಸಂದಿಗಳಿಗೆ ಸ್ಪಂಜ್ ಪಟ್ಟಿ ತುರುಕಿದೆ. ಗಾಳಿಗೆ ಸಂದಿ ಸಿಕ್ಕರೆ ಅದು ರೇಡಿಯೇಟರ್ ಒಳಗೆ ಯಾಕೆ ನುಗ್ಗುತ್ತದೆ? ಫ್ಯಾನಿಗೆ ದಪ್ಪ ವೈರು, ಬೇರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಬಿಡುವ ಸ್ವಿಚ್ಚು) ಕೂಡ ಆಯಿತು.

ಬ್ರೇಕ್ ಆಯಿಲ್ ಬದಲಿಸುವುದು ಬಾಕಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯದೆ ತಡೆಯಬೇಕು, ತೇವ ಹಿಡಿದ ಮೇಲೆ 140ಕ್ಕೆ ಇಳಿಯಬಹುದು. ಈ ಸಲ ಅದಕ್ಕಿಂತ ಹೆಚ್ಚು ಬಿಸಿ ತಡೆಯುವ ಡಾಟ್ 4 ತರುತ್ತೇನೆ. ಹಳೇ ಆಯಿಲ್ ಹೊರಬಿಡುವಾಗ ಪೆಡಲ್ ತುಳಿಯಲು ಇನ್ನೊಬ್ಬರು ಬೇಕು. ತಮ್ಮ ಸಂಕ್ರಾಂತಿಗೆ ಬೀದರ್‌ನಿಂದ ಬರುತ್ತಾನೆ, ಅವನನ್ನೇ ಕೂರಿಸುತ್ತೇನೆ.