ಸೋಪಿನಲ್ಲಿ ಕೆತ್ತಿದ ಹೊಯ್ಸಳರ ಪಾಠ

ಹೊಯ್ಸಳರ ಪಾಠ ಅಂದ್ರೆ ಮಕ್ಕಳಿಗೆ ಸಳ, ಹುಲಿ, ವಿಷ್ಣುವರ್ಧನ, ಬೇಲೂರು. ಅಷ್ಟಕ್ಕೆ ಮುಗೀತು. ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ, ಬೇಸಿಗೆ ರಜೆಯಲ್ಲಿ ಮರೆಯುತ್ತಾರೆ. ಬಿಸಿಲಲ್ಲಿ ಕೂತು ಆ ಕಲ್ಲು ಕೆತ್ತಿದವರು ಯಾರು ಅನ್ನೋ ಪ್ರಶ್ನೆಯೇ ಏಳುವುದಿಲ್ಲ. ನನಗಂತೂ ರಾಜರಿಗಿಂತ ಆ ಕೈಗಳ ಕಥೆಯೇ ಜಾಸ್ತಿ ಮುಖ್ಯ. ಅದಕ್ಕೇ ಈ ಸಲ ಎಲ್ಲರಿಗೂ ಒಂದೊಂದು ಸೋಪು, ಒಂದೊಂದು ಮೊಳೆ ತರಲು ಹೇಳಿದ್ದೆ.

ಮೊದಲು ಒಂದು ಬಳಪವನ್ನು ಕೈಯಿಂದ ಕೈಗೆ ದಾಟಿಸಿದೆ. ಉಗುರಿನಲ್ಲಿ ಕೆರೆದರೆ ಪುಡಿ ಬಂತು. ಬೇಲೂರು, ಹಳೇಬೀಡಿನ ಗುಡಿಗಳು ಇದೇ ಜಾತಿಯ ಬಳಪದ ಕಲ್ಲಿನವು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಹಿಂದಿನ ಬೆಂಚಿನ ಹುಡುಗನೊಬ್ಬ ತಟ್ಟನೆ ಎದ್ದು ನಿಂತ. “ನಮ್ಮಪ್ಪ ಕ್ವಾರಿಯಲ್ಲಿ ಉಳಿ ಹೊಡೆದ್ರೆ ಕಿಡಿ ಹಾರುತ್ತೆ ಸಾರ್. ಅದರಲ್ಲಿ ಗುಡಿಯ ಮೂರ್ತಿಗಳ ಮೈಮೇಲಿರೋ ಇಂಥ ಸರ ಕೆತ್ತೋಕಾಗಲ್ಲ.” ಹಂಪಿಯ ಗ್ರಾನೈಟಿಗೂ ಹಳೇಬೀಡಿನ ಕುಸುರಿಗೂ ಇರುವ ವ್ಯತ್ಯಾಸವನ್ನು ಅವನೇ ಹೇಳಿಬಿಟ್ಟ. ನಾನು ಸೇರಿಸಬೇಕಾದ್ದು ಏನೂ ಉಳಿಯಲಿಲ್ಲ.

ಆಮೇಲೆ ಕೆತ್ತನೆ. ಆನೆ, ಬಳ್ಳಿ, ಹಂಸ, ಯಾವುದಾದರೂ ಸರಿ. ಒಬ್ಬಳು ಆನೆಯ ಸೊಂಡಿಲನ್ನು ಸೋಪಿನಿಂದ ಪೂರ್ತಿ ಬಿಡಿಸಲು ಹೋದಳು. ಅದು ಲಟಕ್ಕನೆ ಮುರಿಯಿತು. ಮುಖ ಸಪ್ಪಗಾಯಿತು. ಸ್ವಲ್ಪ ಹೊತ್ತು ಗೋಡೆಯ ಮೇಲಿದ್ದ ಹಳೇಬೀಡಿನ ಆನೆಸಾಲಿನ ಫೋಟೋ ನೋಡುತ್ತಾ ನಿಂತಳು. ಸೋಪು ತಿರುಗಿಸಿ ಹಿಂಬದಿಯಲ್ಲಿ ಮತ್ತೆ ಶುರು ಮಾಡಿದಳು. ಈ ಸಲ ಸೊಂಡಿಲು ಕಾಲಿಗೆ ಅಂಟಿಕೊಂಡೇ ಇತ್ತು. ಶಿಲ್ಪಿ ಎಲ್ಲಿ ಕಲ್ಲು ತೆಗೆದ, ಎಲ್ಲಿ ಯಾಕೆ ಉಳಿಸಿದ ಅನ್ನೋದನ್ನು ಪುಸ್ತಕ ಹೀಗೆ ಕಲಿಸೀತಾ?

ಕೊನೆಗೆ ಎಲ್ಲರೂ ಸೋಪಿನ ಬುಡದಲ್ಲಿ ತಮ್ಮ ಹೆಸರು ಕೊರೆಯಬೇಕಿತ್ತು. ಆಗ ನಿಜವಾದ ಹೆಸರುಗಳನ್ನು ಹೇಳಿದೆ. 1117ರ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ ಹೆಸರು ಕೊರೆದಿದ್ದಾರೆ. 1258ರ ಸೋಮನಾಥಪುರದಲ್ಲಿ ಮಲ್ಲಿತಮ್ಮ ಹಲವು ಮೂರ್ತಿಗಳ ಕೆಳಗೆ ತನ್ನ ಹೆಸರು ಬಿಟ್ಟುಹೋಗಿದ್ದಾನೆ. ಅಪ್ಪ ಮಗ ಒಟ್ಟಿಗೆ ಕೆಲಸ ಮಾಡುತ್ತಿದ್ರಾ, ಊಟ ಯಾರು ಕೊಡುತ್ತಿದ್ರು, ಮುರಿದರೆ ಬೈತಿದ್ರಾ ಅಂತ ಪ್ರಶ್ನೆಗಳು ಶುರುವಾದವು. ರಾಜರ ಬಗ್ಗೆ ಈ ಮಕ್ಕಳು ಇಷ್ಟು ಕೇಳಿದ್ದನ್ನು ನಾನು ಕಂಡಿಲ್ಲ.

ಉಳಿದ ಹತ್ತು ನಿಮಿಷದಲ್ಲಿ ರಟ್ಟಿನ ಚೌಕವೊಂದನ್ನು ಬೋರ್ಡಿಗೆ ಗುಂಡುಪಿನ್ನಿನಿಂದ ಚುಚ್ಚಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ 4 ಸಲ ಅಂಚು ಗೀಚಿದೆವು. 16 ಮೂಲೆಯ ನಕ್ಷತ್ರ ಬಂತು. ಸೋಮನಾಥಪುರದ ಗರ್ಭಗುಡಿಗಳ ಹೊರಗೋಡೆಯ ಆಕಾರ ಅದೇ. ಗಣಿತದ ಮೇಡಂ ಬಾಗಿಲಲ್ಲೇ ನಿಂತು ನೋಡಿ, ಆ ರಟ್ಟನ್ನು ತಮ್ಮ ಕ್ಲಾಸಿಗೆ ಒಯ್ದರು.

ಕಿರುಪರೀಕ್ಷೆಯಲ್ಲಿ ‘ಬೇಲೂರಿನ ದೇವಾಲಯವನ್ನು ಕಟ್ಟಿಸಿದವರು ಯಾರು?’ ಅನ್ನೋ ಪ್ರಶ್ನೆಯ ಕೆಳಗೆ ‘ಕಟ್ಟಿದವರು ಯಾರು?’ ಅಂತ ಇನ್ನೊಂದು ಸೇರಿಸಿದ್ದೇನೆ. ಎರಡಕ್ಕೂ ಸಮ ಅಂಕ.