ಬೀಜಾಣುವನ್ನು ಬೇಯಿಸೋಕೆ ಆಗಲ್ಲ

ಒಂಬತ್ತನೇ ದಿನ ಬೆಳಿಗ್ಗೆ ಡಬ್ಬ ತೆಗೆದೆ. ಅಣಬೆಯ ಬೀಜಾಣು ಬಿತ್ತಿದ್ದ ಐದು ಗಾಜಿನ ತಟ್ಟೆಗಳಲ್ಲಿ ನಾಲ್ಕಕ್ಕೆ ಪೂರ್ತಿ ಬೂಷ್ಟು ಹಿಡಿದಿತ್ತು. ಎರಡರಲ್ಲಿ ಹಸಿರು, ಒಂದರಲ್ಲಿ ಕಪ್ಪು, ಇನ್ನೊಂದರಲ್ಲಿ ಲೋಳೆಯಂಥ ಹಳದಿ ಚುಕ್ಕೆಗಳು. ತುಂಬಾ ಬೇಜಾರಾಯಿತು.

ಚಿಪ್ಪಣಬೆ ಬೆಳೆಯೋದು ನನಗೆ ಹೊಸದಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಅಣಬೆ ಬೀಜ ತಂದು, ಬಿಸಿನೀರಲ್ಲಿ ಬೇಯಿಸಿದ ಭತ್ತದ ಹುಲ್ಲಿನ ಜೊತೆ ಚೀಲಕ್ಕೆ ಪದರ ಪದರವಾಗಿ ತುಂಬಿ, ಮೂರ್ನಾಲ್ಕು ವಾರಕ್ಕೆ ಕೊಯ್ದು ಪಲ್ಯ ಮಾಡಿದ್ದೇನೆ. ಆದರೆ ಆ ಬೀಜ ನಿಜವಾದ ಬೀಜವಲ್ಲ. ಬೇಯಿಸಿದ ಜೋಳದ ಕಾಳಿನ ಮೇಲೆ ಹಬ್ಬಿಸಿದ ಅಣಬೆಯ ಬಿಳಿ ಎಳೆ ಅದು. ಕಷ್ಟದ ಅರ್ಧ ಕೆಲಸ ಲ್ಯಾಬಿನಲ್ಲೇ ಮುಗಿದಿರುತ್ತದೆ. ಆ ಅರ್ಧವನ್ನೂ ಕಣ್ಣಾರೆ ನೋಡಬೇಕು ಅನ್ನೋ ಆಸೆ ನನ್ನದು.

ಹಾಗಾಗಿ ಚೆನ್ನಾಗಿ ಬಿರಿದ ಅಣಬೆಯೊಂದರ ಕೊಡೆ ಕತ್ತರಿಸಿ, ಗೆರೆಗಳಿರುವ ಕಡೆಯನ್ನು ಕೆಳಗೆ ಮಾಡಿ, ಕಪ್ಪು ಕಾಗದದ ಮೇಲಿಟ್ಟು ಲೋಟ ಮುಚ್ಚಿದೆ. ಬೆಳಿಗ್ಗೆ ಎತ್ತಿದರೆ ಒಂದೊಂದು ಗೆರೆಯೂ ಬಿಳಿ ಪುಡಿಯಲ್ಲಿ ಅಚ್ಚಾಗಿ ಬಿದ್ದಿತ್ತು. ಉಸಿರು ಬಿಟ್ಟರೆ ಹಾರಿಹೋಗುವಷ್ಟು ನವುರು. ಅದರಲ್ಲಿ ಲಕ್ಷಗಟ್ಟಲೆ ಬೀಜಾಣು, ಅಂದರೆ ಹೊಸ ಅಣಬೆಗೆ ಮೊಳೆಯುವ ಸೂಕ್ಷ್ಮ ಕಣಗಳು, ಇರುತ್ತವೆ. ಒಂದು ಮೊಳೆತರೆ ಸಾಲದು, ಅದಕ್ಕೆ ಹೊಂದುವ ಇನ್ನೊಂದರ ಎಳೆ ಬಂದು ಕೂಡಿಕೊಂಡರೆ ಮಾತ್ರ ಮುಂದೆ ಅಣಬೆ.

ಲೀಟರ್ ನೀರಿಗೆ 200 ಗ್ರಾಂ ಆಲೂಗಡ್ಡೆ ಹಾಕಿ ಬೇಯಿಸಿ ಸೋಸಿ, 20 ಗ್ರಾಂ ಸಕ್ಕರೆ, ನೀರನ್ನು ಜೆಲ್ಲಿಯಂತೆ ಗಟ್ಟಿ ಮಾಡುವ ಅಗರ್ ಪುಡಿ 20 ಗ್ರಾಂ ಸೇರಿಸಿದೆ. ಎಲ್ಲವನ್ನೂ ಕುಕ್ಕರಿನ ಒತ್ತಡದಲ್ಲಿ, ಅಂದರೆ 121 ಡಿಗ್ರಿಯ ಹತ್ತಿರ, 20 ನಿಮಿಷ ಇಟ್ಟೆ. ಆಮೇಲೆ ತಟ್ಟೆಗಳಲ್ಲಿ ಗಟ್ಟಿಯಾದ ಅಗರ್ ಮೇಲೆ ಆ ಬಿಳಿ ಪುಡಿ ಉದುರಿಸಿದೆ. ಇಷ್ಟು ಮಾಡಿಯೂ ಬೂಷ್ಟು ಎಲ್ಲಿಂದ ಬಂತು ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ತಟ್ಟೆ ಬೇಯಿಸಬಹುದು, ಅಗರ್ ಬೇಯಿಸಬಹುದು, ಬೀಜಾಣುವನ್ನು ಬೇಯಿಸೋಕೆ ಆಗುತ್ತಾ? ರಾತ್ರಿಯಿಡೀ ಅಡುಗೆಮನೆಯಲ್ಲಿದ್ದ ಕಾಗದ ಅದು. ಈರುಳ್ಳಿ ಬುಟ್ಟಿ ಪಕ್ಕದಲ್ಲೇ ಇತ್ತು. ಅಣಬೆಯ ಪುಡಿ ಜೊತೆಗೆ ಬೂಷ್ಟಿನ ಬೀಜಾಣುಗಳನ್ನೂ ನಾನೇ ತಟ್ಟೆಗೆ ಬಿತ್ತಿದ್ದೆ. ಕೊಡೆಯ ಒಳಗಿನ ತಿರುಳಿನ ಚೂರು ಇಟ್ಟಿದ್ದರೆ ಈ ಕಾಟ ಜಾಸ್ತಿ ಇರುತ್ತಿರಲಿಲ್ಲ. ಆದರೆ ಅದು ಹಳೇ ಅಣಬೆಯದೇ ನಕಲು, ಹೊಸ ಹುಟ್ಟಲ್ಲ ಅಲ್ವಾ?

ಐದನೇ ತಟ್ಟೆ ಮಾತ್ರ ಬೇರೆ ಥರ ಇತ್ತು. ಒಂದು ಮೂಲೆಯಲ್ಲಿ ಹಸಿರು ಚುಕ್ಕೆ, ಎದುರು ಮೂಲೆಯಲ್ಲಿ ಬೀಸಣಿಗೆಯ ಹಾಗೆ ಹರಡುತ್ತಿದ್ದ ಬಿಳಿ ಎಳೆ.

ಕೆಟ್ಟ ನಾಲ್ಕನ್ನು ಮುಚ್ಚಳ ತೆಗೆಯದೆ ಹಾಗೇ ಕುಕ್ಕರಿಗೆ ಹಾಕಿದೆ. ಅಮ್ಮ ಫ್ಯಾನ್ ಆರಿಸಿ ಬಾಗಿಲು ಎಳೆದುಕೊಂಡರು. ಕೈಗೆ ಸ್ಪಿರಿಟ್ ಸವರಿ, ಅದು ಪೂರ್ತಿ ಒಣಗಿದ ಮೇಲೆ ಬ್ಲೇಡನ್ನು ಬೆಂಕಿಗೆ ಹಿಡಿದೆ. ಕೆಂಪಗಾಯಿತು. ಆರಲು ಬಿಟ್ಟು, ಹಸಿರಿನಿಂದ ಆದಷ್ಟು ದೂರದ ಬಿಳಿ ಅಂಚಿನಿಂದ ಉದ್ದಿನ ಕಾಳಿನಷ್ಟು ಚೂರು ಕತ್ತರಿಸಿ ಹೊಸ ತಟ್ಟೆಗೆ ದಾಟಿಸಿದೆ. ಅಷ್ಟು ಹೊತ್ತೂ ಉಸಿರು ಬಿಗಿಹಿಡಿದಿದ್ದೆ.

ಇವತ್ತಿಗೆ ಎಂಟು ದಿನ. ಬಿಳಿ ಎಳೆ ತಟ್ಟೆಯ ಅಂಚು ಮುಟ್ಟಿದೆ, ಬೇರೆ ಯಾವ ಬಣ್ಣವೂ ಇಲ್ಲ. ಜೋಳ ನೆನೆಸಿಟ್ಟಿದ್ದೇನೆ.